ತುಂಡುಗೆರೆ

ನಕ್ಷೆಯ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕ.
ಗಟ್ಟಿಗೆರೆ ಎಂದರೆ ಇರುವ ರಸ್ತೆ.
ತುಂಡುಗೆರೆ ಎಂದರೆ ಬರುವ ರಸ್ತೆ.
ಚುಕ್ಕಿಗೆರೆ ಎಂದರೆ
ಮೇಲಿನವರು ಇನ್ನೂ ಗಲ್ಲಕ್ಕೆ ಕೈಯಿಟ್ಟು ಕೂತಿದ್ದಾರೆ.

ನಾನು ತುಂಡುಗೆರೆಯವಳು, ಲವಾನ್ ಸ್ಟೆಯ್ಸ್‌ಕಲ್.
ನೆಬ್ರಾಸ್ಕಾ, ರಸ್ತೆ ಇಲಾಖೆ, ಎರಡನೇ ಮಹಡಿ,
ಮೂವತ್ತೊಂದು ವರ್ಷ, ಒಂದೇ ಸ್ಕೇಲು, ಐದು ಕನ್ನಡಕ.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ
ಜನ ನಗುತ್ತಾರೆ. ನಮಗೆ ಅದಕ್ಕೇ ಸಂಬಳ.

ಇಪ್ಪತ್ತು ವರ್ಷಕ್ಕೆ ಎಷ್ಟು ಲಾರಿ, ಎಷ್ಟು ಮೆಕ್ಕೆಜೋಳ,
ಯಾವ ಊರು ಉಬ್ಬೀತು, ಯಾವುದು ಬತ್ತೀತು
ಎಂದು ರಾಜ್ಯದುದ್ದಕ್ಕೂ ಪಟ್ಟಿ ಕಟ್ಟುತ್ತೇವೆ.
ಪಂಚಾಂಗದವರಿಗಾದರೂ ಗ್ರಹಣ ಹೇಳಿದ ದಿನ ಹಿಡಿಯುತ್ತದೆ.

ಟಾಬೋರ್ ಕ್ರೀಕಿನಲ್ಲಿ ಮಾರ್ಚ್ ತಿಂಗಳ ಅಹವಾಲು ಸಭೆ.
ಶಾಲೆಯ ಬಾಸ್ಕೆಟ್‌ಬಾಲ್ ಅಂಕಣ, ಮಡಚುವ ಕುರ್ಚಿ,
ಏಪ್ರಿಕಾಟ್ ತುಂಬಿದ ಕೊಲಾಚಿ, ಯಾರೂ ಮುಟ್ಟಿರಲಿಲ್ಲ.
ನಾಲ್ಕು ಪಥ, ನಡುವೆ ಹುಲ್ಲು, ಎಂದು ನಾನು ಕೋಲು ತೋರಿಸುವಾಗ
ಎದ್ದು ನಿಂತಳು ಆರ್ಲಿಸ್ ಪೊಸ್ಪಿಶಿಲ್, ಆಂಬುಲೆನ್ಸ್ ಓಡಿಸುವವಳು:
"ಆಸ್ಪತ್ರೆಗೆ ಎಪ್ಪತ್ತೆರಡು ಮೈಲಿ. ಕಳೆದ ಜನವರಿ
ನೂರ ಹದಿನಾಲ್ಕನೇ ಮೈಲಿಗಲ್ಲಿನ ಹತ್ತಿರ
ಹಿಂದಿನ ಸೀಟಿನಲ್ಲಿ ಹೆಣ್ಣುಮಗು ಹುಟ್ಟಿತು.
ಅದರ ತಲೆಗೆ ನನ್ನ ಉಣ್ಣೆಯ ಕೈಗವಸು ಹಾಕಿದೆ."
ಕೂತಳು.
ಇಲಾಖೆಯ ಸಿದ್ಧ ಉತ್ತರಗಳಲ್ಲಿ ಇದಕ್ಕೆ ಪುಟವಿರಲಿಲ್ಲ.

ಲ್ಯುಮೀರ್ ವೊಂಡ್ರಾ ನಕ್ಷೆಗೆ ಮೂಗು ತಾಗಿಸಿ,
"ಇದು ನನ್ನ ಹೊಲದ ಮೇಲೇ ಹೋಗುತ್ತದಲ್ಲ?"
"ಅಂದಾಜು," ಅಂದೆ.
"ಅಗಲ?"
"ಮುನ್ನೂರು ಅಡಿ."
ಅಂಗೈ ಮೇಲೆ ಬರೆದುಕೊಂಡ.

ರಸ್ತೆಗೆ ಅಡ್ಡ ರಬ್ಬರು ನಳಿಗೆ ಹಾಸಿ ಎಣಿಸಿದೆವು.
ಬೇಕಿದ್ದದ್ದು ದಿನಕ್ಕೆ ಎರಡು ಸಾವಿರ, ಸಿಕ್ಕಿದ್ದು ಮುನ್ನೂರ ಎಂಬತ್ತು.
ಮಂಗಳವಾರ ಮಾತ್ರ, ರಾತ್ರಿ ಎರಡರಿಂದ ಐದರ ತನಕ
ನಾಲ್ಕು ನಿಮಿಷಕ್ಕೊಂದು ಗಾಡಿ, ತಪ್ಪದೆ.
ಗೊತ್ತಾಯಿತು. ಯಾರದೋ ಒಂದೇ ಪಿಕಪ್ಪು
ಹೋಗಿ ತಿರುಗಿ, ಹೋಗಿ ತಿರುಗಿ,
ಊರನ್ನು ಒಂದಿಷ್ಟು ದೊಡ್ಡದು ಮಾಡಲು ನೋಡಿತ್ತು.
ಆ ನಲವತ್ತೈದನ್ನು ಅಳಿಸಬೇಕೆಂಬುದು ನಿಯಮ.
ಅಳಿಸಿದೆ.

ಬಜೆಟ್ಟು ಹಾಸಿಗೆ ನೋಡಿಕೊಂಡು ಕಾಲು ಮಡಚಿತು.
ಇಸವಿಗಳು ಮುಂದೆ ಮುಂದೆ ಜರುಗಿದವು.
ಹೊಸ ಹೊಸ ಮುದ್ರಣದಲ್ಲೂ ನನ್ನ ಗೆರೆ ಇತ್ತು;
ಶಾಲೆ ಇರಲಿಲ್ಲ, ಆಮೇಲೆ ಅಂಚೆ ಕಚೇರಿ ಇರಲಿಲ್ಲ.
ಕೊನೆಗೆ ನನ್ನ ಕುರ್ಚಿಗೆ ಬಂದ ಹುಡುಗ ಕ್ವಾಂಗ್
ಪರದೆಯ ಮೇಲೆ ಒಂದು ಪದರ ಮುಚ್ಚಿದ, ವಿನಯದಿಂದಲೇ.
ರಬ್ಬರಿನಿಂದ ಉಜ್ಜಿದ್ದರೆ
ಊದಲಿಕ್ಕೆ ಪುಡಿಯಾದರೂ ಉಳಿಯುತ್ತಿತ್ತು.

ನಿವೃತ್ತಿಯ ಮರುವಾರ ಜಲ್ಲಿ ರಸ್ತೆ ಹಿಡಿದು
ನಾನೆಳೆದ ಗೆರೆಯ ಪಕ್ಕಪಕ್ಕವೇ ಹೋದೆ.
ವೊಂಡ್ರಾನ ಹೊಲಕ್ಕೆ ಬಡಗಣ ಗಾಳಿ ತಡೆಯಲು
ಅರ್ಧ ಮೈಲಿ ಉದ್ದ ಸೀಡರ್ ಸಾಲು,
ನಡುವೆ ಹಲ್ಲು ಬಿದ್ದ ಜಾಗ.
ಇಳಿದು ಹೆಜ್ಜೆ ಹಾಕಿದೆ. ನೂರ ಇಪ್ಪತ್ತು ಹೆಜ್ಜೆ.
ಮುನ್ನೂರು ಅಡಿ.

ಮುದುಕ ಹೋಗಿ ಎಂಟು ವರ್ಷವಾಯಿತು ಎಂದಳು ಸೊಸೆ,
ಬೇಲಿಯಾಚೆಯಿಂದ, ಕೈಯಲ್ಲಿ ಬಕೆಟ್ಟು.
"ಪ್ರತಿ ಚಳಿಗಾಲ ಇಲ್ಲಿಂದಲೇ ಹಿಮ ನುಗ್ಗಿ
ಕೊಟ್ಟಿಗೆ ಬಾಗಿಲು ಹೂತುಹೋಗುತ್ತದೆ.
ಸಸಿ ನೆಡೋಣ ಅಂದರೆ ಮಾವ ಕೇಳಲಿಲ್ಲ.
ರಸ್ತೆ ಬಂದಾಗ ಬೆಳೆದ ಮರ ಕಡಿಯಬೇಕಲ್ಲ, ಪಾಪ, ಅನ್ನುತ್ತಿದ್ದರು."

"ಈಗ ನೆಡಬಹುದು," ಅಂದೆ.
"ಯಾರು ಹೇಳಿದ್ದು?" ಅಂದಳು.

ಗಾಳಿ ನಾಲ್ಕೂ ಪಥದಲ್ಲಿ ಬರುತ್ತಿತ್ತು.