ಗುಂಡಿ

ಬಳ್ಳಾರಿಯ ಶೋರೂಮಿನ ಹುಡುಗ ತೋರಿಸಿದ ಗುಂಡಿ
ಗೇರಿನ ಪಕ್ಕದಲ್ಲಿತ್ತು, ಕೋಟಿನ ಗುಂಡಿಗಿಂತ ಚೂರು ದೊಡ್ಡದು.
"ಇದನ್ನ ಒತ್ತಿದ್ರ ನಾಲ್ಕೂ ಗಾಲಿ ಎಳೀತಾವ್ರಿ ಮೇಡಂ,
ಎಂಥಾ ದಾರಿ ಬಂದ್ರೂ."
ಅದೊಂದಕ್ಕೆ ಎರಡು ಲಕ್ಷ ಅರವತ್ತು ಸಾವಿರ ಹೆಚ್ಚು.

ನನ್ನದು ಎಂಥಾ ದಾರಿಯೂ ಅಲ್ಲ.
ಸಿಂಧನೂರಿನ ಮನೆಯಿಂದ ತುರ್ವಿಹಾಳದ ಹೈಸ್ಕೂಲಿಗೆ
ಹೋಗುವಾಗ ಡಾಂಬರು, ಬರುವಾಗ ಅದೇ ಡಾಂಬರು.
ಒಂಬತ್ತನೆಯ ತರಗತಿಗೆ ಗಣಿತ ಹೇಳುವವಳು
ಲೆಕ್ಕ ಹಾಕದೆ ಸಹಿ ಹಾಕಿದೆ.

ಮೊದಲ ವರ್ಷ ಒತ್ತಲಿಲ್ಲ. ಎರಡನೆಯ ವರ್ಷವೂ.
ಧೂಳು ಒರೆಸುತ್ತಿದ್ದೆ, ಅಷ್ಟೇ.
ಕಾರಿನಡಿಯಿಂದ ತಲೆ ಹೊರಗೆ ಹಾಕದೆ ಖಾಜಾಹುಸೇನ ಕೇಳಿದ:
"ಮುಂದಿನ ಗಾಲಿ ಒಮ್ಮೆನರ ದುಡಿಸೀರೇನ್ರಿ?
ಸುಮ್ಮನ ಇಟ್ರ ಹಿಡಕೊಂಡು ಬಿಡ್ತಾವ. ತಿಂಗಳಿಗೊಮ್ಮೆ ಒತ್ರಿ.
ಒಣ ಡಾಂಬರದ ಮ್ಯಾಲೆ ಬ್ಯಾಡ, ತಿರುವಿನ್ಯಾಗ
ಮುಂದಿನವು ಹಿಂದಿನವು ಜಗಳಾಡ್ತಾವ."

ಕಷ್ಟಕ್ಕೆ ಆದೀತೆಂದು ಕೊಂಡದ್ದಕ್ಕಾಗಿ
ಕಷ್ಟ ಹುಡುಕಿಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.
ತಿಂಗಳ ಮೊದಲ ರವಿವಾರ,
ಎಡದಂಡೆ ಕಾಲುವೆಯ ಪಕ್ಕದ ಮೊರಂ ದಾರಿ.
ಒತ್ತಿದರೆ ಹಸಿರು ದೀಪ.
ಬೆಳ್ಳಕ್ಕಿಗಳು ಎದ್ದು, ಇಷ್ಟೇನಾ ಎನ್ನುವಂತೆ ಮತ್ತೆ ಕೂರುತ್ತವೆ.

ಆಮೇಲೆ ಆ ಆಗಸ್ಟು.
ಚುನಾವಣೆಯ ಪಟ್ಟಿ ಹಿಡಿದು ಕ್ಯಾಂಪಿಗೆ ಹೊರಟಿದ್ದೆ.
ರಾತ್ರಿ ಮಳೆಯಾಗಿ ಎರೆಯ ದಾರಿ ಎಣ್ಣೆ ಸವರಿದ ಹಂಚು.
ಒತ್ತಿದೆ. ಜೀವಮಾನದಲ್ಲಿ ಮೊದಲ ಸಲ ಬೇಕಾಗಿಯೇ ಒತ್ತಿದೆ.
ಗುಂಡಿ ಒತ್ತಿ ಗುಂಡಿಗೆ ಬಿದ್ದೆ.
ಟಯರಿನ ಗೀರೆಲ್ಲ ಮುಚ್ಚಿ ಮಣ್ಣು ಮೆತ್ತಿಕೊಂಡು
ನಾಲ್ಕು ತಿಗರಿ ಗಿರಗಿರ ತಿರುಗಿದವು,
ಗಡಿಗೆ ಮಾತ್ರ ಏಳಲಿಲ್ಲ.
ಎರಡೋ ನಾಲ್ಕೋ,
ಎರೆಗೆ ಎಣಿಸಲು ಬರುವುದಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದವನು ಆದೆಪ್ಪ.
ಮುನ್ನೂರು ಅಂದ.
ಮಗಳ ಮೇಡಂ ಎಂದು ಗೊತ್ತಾಗಿ ಇನ್ನೂರಕ್ಕೆ ಇಳಿದ.

ಸೋಮವಾರ ಬೋರ್ಡಿನ ಮೇಲೆ ಬರೆದೆ, ಹೆಸರು ಮುಚ್ಚಿಟ್ಟು:
ಒಬ್ಬ ವ್ಯಕ್ತಿ ಕಾರಿಗೆ 2,60,000 ರೂಪಾಯಿ ಹೆಚ್ಚು ಕೊಟ್ಟ.
ಎಂಟು ವರ್ಷ ಓಡಿಸಿದ. ವರ್ಷಕ್ಕೆ ಒಂದು ದಿನ ಅದರ ಅಗತ್ಯ ಬಿತ್ತು.
ಹಾಗಾದರೆ ಆ ಒಂದು ದಿನದ ಬೆಲೆ ಎಷ್ಟು?
"ಮೂವತ್ತೆರಡು ಸಾವಿರದ ಐನೂರು!" ಮೊದಲ ಬೆಂಚು ಕೂಗಿತು.
ಹಿಂದಿನ ಸಾಲಿನಿಂದ ಹುಲಿಗೆಮ್ಮ, ಕೈ ಎತ್ತದೆ:
"ಇನ್ನೂರು ರೀ, ಮೇಡಂ."

ಎರಡಕ್ಕೂ ಸರಿ ಗುರುತು ಹಾಕಿದೆ.

ಖಾಜಾಹುಸೇನನ ತೀರ್ಪು ಬೇರೆ:
"ನೆಲ ಹಿಡಿಯೋದು ಟಯರ್ ರೀ. ರೊಕ್ಕ ಅದಕ್ಕ ಹಾಕ್ರಿ."
ಟಯರು ಬೋಳು ತಲೆಯಾಗಿವೆ,
ಕಂತು ಇನ್ನೂ ಇಪ್ಪತ್ತಾರು ತಿಂಗಳು.

ಹಿಂದಿ ಕಲಿಸುವ ಮೌನೇಶಯ್ಯ ಮೊನ್ನೆ ಸ್ಟಾಫ್ ರೂಮಿನಲ್ಲಿ ಕೇಳಿದರು,
ತಗೊಂಡ್ರ ನಾಲ್ಕು ಗಾಲಿ ಎಳೆಯೋದೇ ತಗೊಳ್ಳೇನು ಎಂದು.
ಬ್ಯಾಡ್ರಿ, ಅಂದೆ. ಚಹಾ ಆರುವ ಮುಂಚೆಯೇ ಅಂದೆ.
ಅಂದಮೇಲೂ ಹೋದ ರವಿವಾರ
ನನ್ನ ಕಾರು ಕಾಲುವೆಯ ಮೇಲಿತ್ತು.
ನೀರು ಬಿಟ್ಟಿದ್ದರು. ಗದ್ದೆಯ ಮಡಿಗಳಲ್ಲಿ ಆಕಾಶ ನಿಂತಿತ್ತು.
ಒತ್ತಿದೆ, ಹಸಿರಾಯಿತು,
ಎಲ್ಲಿಗೂ ಹೋಗಬೇಕಿಲ್ಲದ ನನ್ನ ಗುಂಡಿಗೆ ಒಂದು ಗೇಣು ಅಗಲವಾಯಿತು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಡಿಕ್ಕಿಯಲ್ಲಿ ಈಗ ಒಂದು ಹಗ್ಗವಿದೆ,
ಹೆಬ್ಬೆರಳಿನಷ್ಟು ದಪ್ಪ, ಹೊಸದು,
ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು,
ನೂರಾ ಎಂಬತ್ತು ರೂಪಾಯಿ.