ಗುರುವಾರದವರೆಗಿನ ವುಕೆಲಿಚ್

ಸೋಮವಾರ ಸಂಜೆ, ಶಾಲೆಯ ಬಾಯ್ಲರ್ ಕೋಣೆಯ ಪಕ್ಕ,
ಗೋಡೆಗೆ ಮೊಳೆ ಹೊಡೆದ ಬಿಳಿ ದುಪ್ಪಟಿಯ ಮೇಲೆ
ವುಕೆಲಿಚ್ ಓಡುತ್ತಾನೆ. ನಿಲ್ಲಿಸಿ, ಹಿಂದಕ್ಕೆ.
ಮತ್ತೆ ಓಡುತ್ತಾನೆ.
ಎಡದಿಂದ ಒಬ್ಬ, ಬಲದಿಂದ ಇಬ್ಬರು
ಎಗರಿ ಬಿದ್ದರೆ ಮುಷ್ಟಿಯಲ್ಲಿ ಹೊಗೆ ಹಿಡಿದ ಹಾಗೆ;
ಅವನು ಆಗಲೇ ಗೆರೆಯಂಚಿನಲ್ಲಿ, ನಗುತ್ತ,
ಚೆಂಡು ದೂರದಲ್ಲೆಲ್ಲೋ ಯಾರದೋ ಎದೆಯಲ್ಲಿ.

ಕೋಚ್ ರಾಂಟಾಲ, ತಾಮ್ರದ ಗಣಿ ಮುಚ್ಚಿದ ವರ್ಷ ಹುಟ್ಟಿದವರು,
ಮಾತನ್ನು ಚಿಲ್ಲರೆಯಂತೆ ಎಣಿಸಿ ಕೊಡುವವರು, ಹೇಳಿದರು:
"ಆರು ವಾರ ಆರು ಊರಿನವರು ಇವನನ್ನು ಅಟ್ಟಿದರು.
ಅಟ್ಟಿದಷ್ಟೂ ಚೆನ್ನಾಗಿ ಆಡುತ್ತಾನೆ.
ನಾವು ಅಟ್ಟುವುದಿಲ್ಲ.
ಇವನಿಗೆ ಸಮಯ ಕೊಡೋಣ."

ಹುಡುಗರು ಮುಖ ಮುಖ ನೋಡಿಕೊಂಡರು.
ತಾಳಿದವನು ಬಾಳಿಯಾನು, ಸರಿ.
ಎದುರಾಳಿಯನ್ನೇ ತಾಳಿಸಿ ಬೀಳಿಸುವುದೆಂದರೆ?

ಮೂವರು ಮುಂದೆ, ಮೆಲ್ಲಗೆ, ಕೈಯಗಲಿಸಿ,
ಬೆದರಿದ ಕರುವನ್ನು ಕೊಟ್ಟಿಗೆಗೆ ತಿರುಗಿಸುವವರ ಹಾಗೆ.
ಯಾರೂ ಹಾರುವಂತಿಲ್ಲ,
ಅಂಚು ಬಿಟ್ಟು ಒಳನುಗ್ಗುವಂತಿಲ್ಲ.
ಎಂಟು ಮಂದಿ ಹಿಂದೆ, ಚೆಂಡು ಹೋಗಬಹುದಾದ
ಒಂದೊಂದು ಓಣಿಯ ಬಾಯಲ್ಲಿ.
ಅವರಲ್ಲೊಬ್ಬ, ಐವತ್ತನಾಲ್ಕನೆಯ ನಂಬರು,
ಅವನು ಸರಿದರೆ ಸರಿಯಬೇಕು, ನಿಂತರೆ ನಿಲ್ಲಬೇಕು.
ನೆರಳಿಗೆ ಅವಸರವಿಲ್ಲ.
ಹುಲಿಯಾಟ ಆಡಿದವರಿಗೆ ಇದು ಹೊಸದಲ್ಲ:
ಆಡು ಹುಲಿಯನ್ನು ಕಟ್ಟುವುದು ಕೊಂಬಿನಿಂದಲ್ಲ,
ಖಾಲಿ ಮನೆಗಳಲ್ಲಿ ಸುಮ್ಮನೆ ಕೂತು.

ಅಭ್ಯಾಸಕ್ಕೊಬ್ಬ ವುಕೆಲಿಚ್ ಬೇಕಲ್ಲ.
ಡೆನಿಸ್ ಪೆರಾಲ, ಹತ್ತನೆಯ ತರಗತಿ, ನೂರಮೂವತ್ತು ಪೌಂಡು,
ಬೆಂಚಿನ ಮೂರನೆಯ ಕ್ವಾರ್ಟರ್‌ಬ್ಯಾಕ್.
ಶುಕ್ರವಾರ ಎಂದೂ ಆಡದವನಿಗೆ
ಪ್ರತಿ ಸೋಮವಾರ ಬೇರೆ ಊರಿನವನ ನಂಬರು,
ಬೆನ್ನಿನ ಮೇಲೆ ಟೇಪು ಅಂಟಿಸಿ ಬರೆದದ್ದು.
ಕಳೆದ ವಾರ ಹನ್ನೆರಡು. ಅದರ ಹಿಂದೆ ಒಬ್ಬ ಎಡಚ.
ಈ ವಾರ ಏಳು.

ಮಂಗಳವಾರ ಅವನಿಗೆ ವುಕೆಲಿಚನ ನಡಿಗೆ ಬಂತು,
ಬುಧವಾರ, ಎಸೆಯುವ ಮುನ್ನ ಬೆರಳ ತುದಿ ನೆಕ್ಕುವ ಚಾಳಿ.
ಗುರುವಾರ, ಸುಪೀರಿಯರ್ ಸರೋವರದಿಂದ
ಮೊದಲ ಹಿಮ ಅಡ್ಡಡ್ಡ ಹಾರಿ ಬರುವಾಗ,
ಐವತ್ತನಾಲ್ಕನ್ನು ದಾಟಿ ಹೋದ, ಎರಡು ಸಲ,
ಆ ನಗುವನ್ನೂ ನಕ್ಕ.
ಮೂರನೆಯ ಸಲ ಎಡಭುಜದ ಮೇಲೆ ಬಿದ್ದ.
"ವುಕೆಲಿಚ್, ಬಾರೋ, ನೀರು ಕುಡಿ," ಎಂದು ಯಾರೋ ಕೂಗಿದರೆ
ತಿರುಗಿ ನೋಡಿದ.

ರಾತ್ರಿ ಸೌನಾದಲ್ಲಿ, ಕಾದ ಕಲ್ಲಿಗೆ ನೀರು ಚಿಮುಕಿಸುತ್ತ
ಅಪ್ಪ ಕೇಳಿದ, ಭುಜಕ್ಕೇನಾಯಿತು?
"ಏನಿಲ್ಲ," ಅಂದ. ಹಬೆಯೊಳಗಿಂದ, ಆಮೇಲೆ:
"ಮೂರು ಸೆಕೆಂಡು ಕಳೆದರೆ ಅವನಿಗೆ ಏನೂ ತೋಚುವುದಿಲ್ಲಪ್ಪ.
ಯಾರೂ ಮೈಮೇಲೆ ಬೀಳದಿದ್ದರೆ
ಒಳಗೆ ಒಂಥರಾ ಭಯ."

ಶುಕ್ರವಾರ ಡೆನಿಸನಿಗೆ ತನ್ನದೇ ಹದಿನೆಂಟು,
ಒಗೆದು ಮಡಿಸಿದ್ದು, ಒಂದು ಹುಲ್ಲಿನ ಕಲೆಯೂ ಇಲ್ಲದ್ದು.
ಕೊನೆಯ ಕಾಲು ಭಾಗ. ಮೂರನೆಯ ಪ್ರಯತ್ನ, ಒಂಬತ್ತು ಗಜ ಬೇಕು.
ಚೆಂಡು ವುಕೆಲಿಚನ ಕೈಗೆ ಬಂತು.
ಮೂವರು, ಮೆಲ್ಲಗೆ.
ಒಂದು. ಬಲಕ್ಕೆ ನೋಡಿದ: ಓಣಿಯ ಬಾಯಲ್ಲಿ ಒಬ್ಬ.
ಎರಡು. ನಡುವೆ: ಇಬ್ಬರು.
ಮೂರು. ಯಾರೂ ಬರುತ್ತಿಲ್ಲ.
ಅಷ್ಟು ಹೊತ್ತನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ;
ದೀಪದ ಕಂಬದ ಬೆಳಕಿನಲ್ಲಿ
ಹಿಮದ ಒಂದೊಂದೇ ಹಳುಕು ಇಳಿಯುವುದು ಕಾಣುವಷ್ಟು.

"ಎಡಕ್ಕೆ," ಎಂದ ಡೆನಿಸ್, ಯಾರಿಗೂ ಅಲ್ಲ.
ಬೆಂಚಿನ ಬಳಿ ಅವನ ಎಡಗಾಲು ಆಗಲೇ ಹೊರಟಿತ್ತು.

ವುಕೆಲಿಚ್ ಎಡಕ್ಕೆ ತಿರುಗಿದ.
ಅಲ್ಲಿ ಐವತ್ತನಾಲ್ಕು,
ಬಾಗಿಲು ಬಡಿಯದೆ ಕಾದ ನೆಂಟನಂತೆ.

ಮರದ ಮೆಟ್ಟಿಲುಗಳು ಗುಡುಗಿದವು, ಪಿಕಪ್ ಲಾರಿಗಳ ಹಾರ್ನು,
ಕೋಚ್ ರಾಂಟಾಲ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.
ಡೆನಿಸ್ ತನ್ನ ಎಡಭುಜ ಹಿಡಿದು ನಿಂತಿದ್ದ.

ಆಟ ಮುಗಿದು ಎರಡು ಸಾಲು ಎದುರಾದವು.
ವುಕೆಲಿಚ್ ಒಬ್ಬೊಬ್ಬರ ಕೈ ಮುಟ್ಟುತ್ತ ಬಂದ,
ಡೆನಿಸನದನ್ನೂ, ಮುಖ ನೋಡದೆ.
ಡೆನಿಸ್ ಬಿಡುವುದನ್ನು ಮರೆತ.
ಆ ಕೈ
ಅವನು ನಾಲ್ಕು ದಿನ ತೊಟ್ಟಿದ್ದಕ್ಕಿಂತ ತಣ್ಣಗಿತ್ತು.