ಅರ್ಧ ಸುತ್ತು

ಅರ್ಡೆನ್ ಕಾಡಂಚಿನ ಮಠದಲ್ಲಿ
ನಡು ಜನವರಿಗೆ ಬಾಯ್ಲರು ಕೈಕೊಟ್ಟಿತು.
ಸ್ಪ್ಯಾನರು, ಪೈಪು, ಬೈಗುಳ ಸಮೇತ ಬಂದ
ಗಿಸ್ಲೇನ್, ಐವತ್ಮೂರು,
ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ಮಾತ್ರ
ಚರ್ಚಿನ ಹಿಂದಿನ ಸಾಲಿನವನು.

ನೆಲಮಾಳಿಗೆಯಲ್ಲಿ ಟಾರ್ಚು ಹಿಡಿದು ನಿಂತವರು
ಬ್ರದರ್ ತಿಯೋಫಿಲ್. ಎಪ್ಪತ್ತು ದಾಟಿದ ಸನ್ಯಾಸಿ,
ಮೂಗಿನ ತುದಿಯಲ್ಲಿ ಸದಾ ಒಂದು ಹನಿ.
"ಇನ್ನು ಅರ್ಧ ಸುತ್ತು, ಆಯ್ತು" ಅಂದ ಗಿಸ್ಲೇನ್.
ಗಂಟೆ ಹೊಡೆಯಿತು.
ಟಾರ್ಚನ್ನು ಮೆಲ್ಲಗೆ ಇಟ್ಟಿಗೆಯ ಮೇಲಿಟ್ಟು
ಮುದುಕರು ಹೊರಟೇಬಿಟ್ಟರು.
ಬೆಳಕು ಬಿದ್ದದ್ದು ಗೋಡೆಗೆ, ನಟ್ಟಿಗಲ್ಲ.

ಕೂತು ಕಾದ. ಮೇಲಿನಿಂದ ಕೀರ್ತನೆ,
ನಡುನಡುವೆ ಯಾರದೋ ಕೆಮ್ಮು.
ಮರಳಿದಾಗ ರೇಗಿದ: "ಎರಡೇ ನಿಮಿಷ!
ದೇವರೇನು ಓಡಿಹೋಗುತ್ತಿದ್ದನೆ?"
"ಅವನಲ್ಲ, ನಾನು" ಅಂದರು.
"ಇನ್ನೆರಡು ನಿಮಿಷ, ಇನ್ನೆರಡು ನಿಮಿಷ ಅನ್ನುತ್ತಲೇ
ಹನ್ನೊಂದು ವರ್ಷ ಓಡಿದವನು ನಾನು.
ಎಲ್ಲಿ, ನಟ್ಟು ತೋರಿಸು."

ಕೂಲಿಯ ಜೊತೆಗೆ ಒಂದು ಉಂಡೆ ಚೀಸು.

ಗಂಟೆ ಅವನ ಮನೆಯಲ್ಲೂ ಇದೆ.
ಹಿಂದೆ ಆಡಿನ ಕೊರಳಲ್ಲಿದ್ದದ್ದು,
ಈಗ ಲಕ್ವ ಹೊಡೆದ ಅತ್ತೆಯ ಮಂಚಕ್ಕೆ,
ಎಡಗೈಗೆ ಎಟುಕುವಂತೆ.
ಹೆಂಡತಿಗೆ ಬೇಕರಿಯಲ್ಲಿ ರಾತ್ರಿಪಾಳಿ.
ಮಠದ ಗಂಟೆ ದಿನಕ್ಕೆ ಏಳು ಸಲ. ಇದಕ್ಕೆ ಲೆಕ್ಕವಿಲ್ಲ:
ನೀರಿಗೆ, ದಿಂಬಿಗೆ, ಬಹಳ ಸಲ ಬರೀ
"ಈಗ ಗಂಟೆ ಎಷ್ಟು?" ಎಂದು ಕೇಳುವುದಕ್ಕೆ.
ಬಂದೆ, ಬಂದೆ ಅನ್ನುತ್ತ ಬಾರದಿರುವುದರಲ್ಲಿ
ಅವನು ಪಳಗಿದ್ದ.

ಆ ವಾರ ಒಂದು ರಾತ್ರಿ, ಟೀವಿಯಲ್ಲಿ
ಕೊನೆಯ ಪೆನಾಲ್ಟಿ. ಗಂಟೆ.
ಎದ್ದ. ಯಾಕೆಂದು ಅವನಿಗೂ ತಿಳಿಯದು,
ಚೆಂಡು ಗಾಳಿಯಲ್ಲಿದ್ದಾಗಲೇ ಎದ್ದ.
"ಗಂಟೆ ಎಷ್ಟು?"
"ಹತ್ತೂ ಇಪ್ಪತ್ತು."
"ಹೌದಾ" ಅಂದಳು. ಆಮೇಲೆ ಅವನ ಮುಖ ನೋಡಿ,
ವರ್ಷದಲ್ಲಿ ಮೊದಲ ಸಲ ಇರಬೇಕು:
"ಚಳಿಯಾ ನಿನಗೆ?"

ಪವಾಡ ಅನ್ನಬೇಡಿ. ಮರುದಿನವೇ
ಮೂರು ಸಲ ಕೇಳಿಸದವನಂತೆ ಕೂತಿದ್ದ,
ನಾಲ್ಕನೆಯದಕ್ಕೆ ಹೋದ, ಗೊಣಗುತ್ತ.
ಕೀರ್ತನೆ ಒಂದೂ ಬಾಯಿಗೆ ಬಾರದು.
ಪರಲೋಕದ ತಂದೆಯ ಪ್ರಾರ್ಥನೆಯೂ
'ಅನುದಿನದ ರೊಟ್ಟಿ'ಯಲ್ಲಿ ತಡವರಿಸುತ್ತದೆ.
ಬೆಳಗಿನ ಜಾವ ಮೂರೂವರೆಗೆ,
ಕಾಡಿನಾಚೆ ಅವರೂ ಏಳುವ ಹೊತ್ತು,
ಬೆಡ್‌ಪ್ಯಾನು ಹಿಡಿದು ನಲ್ಲಿಯ ಮುಂದೆ
ನೀರು ಬಿಸಿಯಾಗುವವರೆಗೆ
ಸುಮ್ಮನೆ ನಿಂತಿರುತ್ತಾನೆ,
ಮೂಗಿನ ತುದಿಯಲ್ಲಿ ಒಂದು ಹನಿ.